ತೋಟದ ಮಣ್ಣು, ಏರಿಯ ಮಣ್ಣು

ಹಗ್ಗ ಕಂಡರೂ ಹಾವು ಎನ್ನುವ ಪೈಕಿ ನಾನು. ಅಂಥವನಿಗೆ ಎಂಬತ್ತರ ದಶಕದಲ್ಲಿ ಸಿಕ್ಕಿದ್ದು, ರಸ್ತೆ ಕಟ್ಟೆಗಳಿಗೆ ಹಾಕುವ ಮಣ್ಣನ್ನು ಪರೀಕ್ಷಿಸಿ ಇದು ಜೇಡಿ, ಇದು ಮರಳು, ಇದು ಮೆಕ್ಕಲು ಎಂದು ವಿಂಗಡಿಸುವ ಕೆಲಸ. ಯಾವ ಮಣ್ಣು ಹೇಗೆ ಕೈಕೊಡುತ್ತದೆಂದು ಕಲಿತ ಮೇಲಂತೂ ನನ್ನ ಅಂಜಿಕೆ ಇನ್ನೂ ಹೆಚ್ಚಾಯಿತು.

ಅಕ್ಕನನ್ನು ಮಾಯಸಂದ್ರದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದೆವು. ಅವಳ ಮನೆ, ತೆಂಗಿನ ತೋಟ ಎರಡೂ ಕೆರೆ ಏರಿಯ ಕೆಳಗೆ. ಬೇಸಿಗೆಯಲ್ಲಿ ಏರಿ ಒಂದು ಕಡೆ ಕುಸಿದಿದ್ದನ್ನು ಊರವರೇ ಸೇರಿ ಕಟ್ಟಿದ್ದರು. ಮಳೆ ಹಿಡಿದು ಕೆರೆ ತುಂಬುತ್ತಿದ್ದಾಗ ನಾನು ಅಲ್ಲಿಗೆ ಹೋದೆ. ಅಕ್ಕ ಎಳೆಗೂಸಿನೊಂದಿಗೆ ತವರಿನಿಂದ ಆಗಷ್ಟೇ ಹಿಂದಿರುಗಿದ್ದಳು.

ಭಾವ ಹೆಮ್ಮೆಯಿಂದ ಹೊಸ ಏರಿ ತೋರಿಸಿದರು. "ಒಬ್ಬೊಬ್ರ ತೋಟದಿಂದ್ಲೂ ಗಾಡಿ ಮೇಲೆ ಗಾಡಿ ಹೊಡುದ್ವಿ ಕಣಯ್ಯ. ಕೆರೆ ಅಂದ್ರೆ ತಾಯಿ ಇದ್ದಂಗೆ. ಅವ್ಳಿಗೆ ಕೀಳು ಮಣ್ಣು ಹಾಕಕ್ಕಾಯ್ತದಾ? ತೆಂಗಿನ ಬುಡಕ್ಕೆ ಅಂತ ಮಡಗಿದ್ದ ಹಳ್ಳದ ಮೆಕ್ಕಲನ್ನೇ ಸುರುದ್ವಿ."

ಒಂದು ಹಿಡಿ ತೆಗೆದು, ನೀರು ಬೆರೆಸಿ, ಅಂಗೈಯಲ್ಲಿಟ್ಟು ಅಲುಗಿಸಿದೆ. ಮೇಲೆ ನೀರು ಹೊಳೆಯಿತು, ಬೆರಳಿಂದ ಒತ್ತಿದರೆ ಇಂಗಿಹೋಯಿತು. ಬತ್ತಿಯಂತೆ ಹೊಸೆಯಲು ಹೋದರೆ ತುಂಡಾಯಿತು. ತೆಂಗಿಗೆ ಅದು ಚಿನ್ನದಂಥ ಮಣ್ಣು ನಿಜ, ಆದರೆ ಜಿಗುಟಿಲ್ಲ. ಒಳಗೆ ನೀರು ಒಂದು ದಾರಿ ಮಾಡಿಕೊಂಡರೆ ಅದರ ಜೊತೆಗೇ ಹೊರಟುಬಿಡುತ್ತದೆ. ಏರಿಗೆ ಬೇಕಿದ್ದುದು, ತೋಟದವರು ಬೈದುಕೊಳ್ಳುವ, ಗುದ್ದಲಿಗೆ ಅಂಟುವ ಜೇಡಿ.

ಹಾಗೆಂದೆ. ಭಾವ ಮುಖ ಸಿಂಡರಿಸಿದರು. "ನಮ್ ತೋಟದ್ ಮಣ್ಣು ಕೆಟ್ಟದ್ದಾ?"

"ಬುಡ್ರೀ, ಅವ್ನು ಚಿಕ್ಕಂದಿಂದ್ಲೂ ಪುಕ್ಲ," ಎಂದು ಅಕ್ಕ ನಕ್ಕಳು.

ಏರಿಯ ಬುಡದಲ್ಲಿ ನೀರು ಜಿನುಗುತ್ತಿತ್ತು. ಜಿನುಗು ತಿಳಿಯಾಗಿದ್ದರೆ ಅಷ್ಟು ಹೆದರಬೇಕಿಲ್ಲ. ಬಗ್ಗಡವಾದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಗಾಜಿನ ಲೋಟದಲ್ಲಿ ಹಿಡಿದು ನೋಡಿದೆ, ತಿಳಿಯಾಗಿತ್ತು. ಆದರೂ ಅಕ್ಕ ಬಡಿಸಿದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ತೊಟ್ಟಿಲ ಹಗ್ಗ ಕಿರುಗುಟ್ಟಿದರೂ ಬೆಚ್ಚಿ ಏರಿಯ ಕಡೆ ನೋಡುತ್ತಿದ್ದೆ. ನನ್ನ ಪರೀಕ್ಷೆ ಸುಳ್ಳಾಗಲಿ ದೇವರೇ ಎಂದು ಬೇಡಿಕೊಂಡೆ.

ಮರುದಿನ ಬೆಳಿಗ್ಗೆ ಮತ್ತೆ ಹಿಡಿದಾಗ ಲೋಟದ ನೀರು ಬಗ್ಗಡವಾಗಿತ್ತು. ಅದನ್ನು ತಂದು ಜಗಲಿಯಲ್ಲಿ ಭಾವನ ಮುಂದಿಟ್ಟೆ. ಮಣ್ಣು ನಿಧಾನವಾಗಿ ತಳಕ್ಕಿಳಿಯಿತು. ಭಾವ ಎರಡು ಬೆರಳು ಅದ್ದಿ, ತಳದ ಮಣ್ಣು ತೆಗೆದು ಉಜ್ಜಿದರು. ತೆಂಗಿನ ಬೇರಿನ ಸಣ್ಣ ಎಳೆಯೊಂದು ಬೆರಳಿಗೆ ಹತ್ತಿತು.

"ಇದು ನಮ್ ತೋಟದ್ದೇ ಕಣಯ್ಯ," ಎಂದರು. ಅವರ ದನಿ ಉಡುಗಿತ್ತು. ಮರುಗಳಿಗೆಯಲ್ಲೇ ಒಳಗೆ ಕೂಗಿದರು: "ಮಗೀನ ಎತ್ಕೊಂಡು ದಿಬ್ಬ ಹತ್ತೇ!"

ಅಕ್ಕ ಈ ಸಲ ನಗಲಿಲ್ಲ. ಅವಳು ಓಡಿದಳು. ನಾವು ಊರವರನ್ನು ಕರೆದುಕೊಂಡು ಹೋಗಿ ಕೆರೆಯ ನೀರು ಹೊರಬಿಡಲು ತೂಬು ಎತ್ತಿಸಿದೆವು. ನೀರು ಇಳಿಯುವವರೆಗೂ ನಾನು ಏರಿಯಿಂದ ಕಣ್ಣು ತೆಗೆಯಲಿಲ್ಲ. ಏರಿ ಆ ಜಾಗದಲ್ಲಿ ಮೊಣಕಾಲುದ್ದ ಕುಸಿಯಿತು, ಒಡೆಯಲಿಲ್ಲ.

ಆ ವರ್ಷದ ನೀರು ಹೋಯಿತು, ಮನೆ ಉಳಿಯಿತು. ಸಂಜೆ ಭಾವ ಜಗಲಿಯ ಮೇಲಿದ್ದ ಲೋಟವನ್ನು ಎತ್ತಿಕೊಂಡರು. ಅಂಗಳಕ್ಕೆ ಚೆಲ್ಲಲು ಹೋದವರು ತಡೆದು ನಿಂತರು. ಆಮೇಲೆ ತೋಟಕ್ಕೆ ನಡೆದು, ಆ ಚಿಟಿಕೆ ಮಣ್ಣನ್ನು ತೆಂಗಿನ ಬುಡಕ್ಕೆ ಸುರಿದು ಬಂದರು.