ನಿಂಗಪ್ಪ ಓದಿದ ಹಳೆಯ ಸಾಲು

ಕಳೆದ ವರ್ಷ ಆಯುಧಪೂಜೆಗೆ ಮುಂಚಿನ ಮಂಗಳವಾರ ನಡೆದ ಸಂಗತಿ ಇದು.

ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ಕಣ್ಣು ಪರೀಕ್ಷೆಯ ಕೆಲಸ ಮಾಡಿ ನಿವೃತ್ತನಾದವನು ನಾನು. ಈಗ ಟಿ. ದಾಸರಹಳ್ಳಿಯ ಒಂದು ಕ್ಲಿನಿಕ್ಕಿನಲ್ಲಿ ವಾರಕ್ಕೊಂದು ದಿನ ಕೂರುತ್ತೇನೆ. ಪೀಣ್ಯದ ಒಂದು ಸಾಗಣೆ ಕಂಪನಿ ತನ್ನ ಲಾರಿ ಚಾಲಕರನ್ನು ಆರು ತಿಂಗಳಿಗೊಮ್ಮೆ ಅಲ್ಲಿಗೆ ಕಳಿಸುತ್ತದೆ. ಮಿಕ್ಕಿದ್ದನ್ನು ಡಾಕ್ಟರು ನೋಡುತ್ತಾರೆ, ಕಣ್ಣು ನನ್ನ ಪಾಲು. ಇಬ್ಬರೂ ಒಪ್ಪಿದರೆ ಮಾತ್ರ ಗಾಡಿ ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟ್.

ಕೆಲಸ ತಡವಾಗುವುದು ನನಗೆ ಆಗದು. ಅದಕ್ಕಾಗಿ ಎಲ್ಲ ಚಾಲಕರನ್ನೂ ಒಟ್ಟಿಗೆ ನನ್ನ ಕೋಣೆಯೊಳಗೇ ಕರೆದು, ಬೆಂಚಿನ ಮೇಲೆ ಸಾಲಾಗಿ ಕೂರಿಸುತ್ತಿದ್ದೆ. ಒಬ್ಬ ಗೋಡೆಯ ಫಲಕದ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಿದ್ದಂತೆ ಮುಂದಿನವನು ಎದ್ದು ನಿಂತಿರಬೇಕು. ಅರ್ಧ ಗಂಟೆಗೆ ಹನ್ನೆರಡು ಜನ ಮುಗಿಯುತ್ತಿದ್ದರು. ಈ ಪದ್ಧತಿಯ ಬಗ್ಗೆ ನನಗೆ ಹೆಮ್ಮೆಯಿತ್ತು.

ಫಲಕ ಹಳದಿಗಟ್ಟಿತ್ತು. ಆ ದಿನ ಬೆಳಿಗ್ಗೆ ಬೇಗ ಹೋಗಿ ಹೊಸದನ್ನು ತೂಗುಹಾಕಿದ್ದೆ. ಅಳತೆ ಅದೇ, ಸಾಲುಗಳೂ ಅಷ್ಟೇ, ಆದರೆ ಅಂಕಿಗಳು ಬೇರೆ.

ಐದನೆಯವನಾಗಿ ನಿಂಗಪ್ಪ ಬಂದು ನಿಂತ. ವಿಜಯಪುರದ ಕಡೆಯವನು, ಐವತ್ತರ ಆಸುಪಾಸು, ಲಗ್ಗೆರೆಯಲ್ಲಿ ಬಾಡಿಗೆ ರೂಮು. ಚೆನ್ನೈಗೆ ಹೋಗಿ ಬರುವ ದೊಡ್ಡ ಕಂಟೇನರ್ ಲಾರಿ ಅವನದು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ನೆಟ್ಟಗೆ ನಿಂತ. ನಾನು ಕಡ್ಡಿಯನ್ನು ಕೆಳಗಿನ ಸಾಲಿಗೆ ಹಿಡಿದೆ.

"ಏಳು, ನಾಕು, ಎರಡು, ಒಂಬತ್ತು, ಐದು," ಎಂದ, ಎಲ್ಲೂ ತಡವರಿಸದೆ.

ಆ ಸಾಲಿನಲ್ಲಿ ಅವುಗಳಲ್ಲಿ ಒಂದೂ ಇರಲಿಲ್ಲ.

ಬೆಂಚಿನ ಮೇಲಿದ್ದ ರಾಜು ಎಂಬ ಚಾಲಕ ನಕ್ಕ. "ಏನಣ್ಣ, ಯಾರ್ದೋ ಫೋನ್ ನಂಬರ್ ಹೇಳ್ತಿದೀಯ? ಸಾರ್ ಕಣಣ್ಣ, ಆಟ ಆಡ್ಬೇಡ."

ನಿಂಗಪ್ಪ ನಗಲಿಲ್ಲ. ಅಂಗೈಯನ್ನು ಕಣ್ಣಿನಿಂದ ತೆಗೆಯಲೂ ಇಲ್ಲ. ರಾಜುವಿನ ನಗು ಅರ್ಧಕ್ಕೇ ನಿಂತಿತು.

ಉಳಿದವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. ನಿಂಗಪ್ಪನನ್ನು ಫಲಕದ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ಕರೆತಂದೆ. ಅರ್ಧ ದೂರಕ್ಕೆ ಬಂದಾಗಲೂ ಮೇಲಿನ ದೊಡ್ಡ ಅಂಕಿಯೊಂದೇ ಕಂಡಿತು.

"ಎಷ್ಟು ದಿನದಿಂದ ಹೀಗೆ?"

"ಎರಡು ವರ್ಷ ಆತ್ರೀ ಸರ. ಮುಂದಿನವರು ಓದೂದು ಕೇಳಿ ಕೇಳಿ ಬಾಯಿಪಾಠ ಆಗಿತ್ರಿ."

"ಗಾಡಿ ಹೇಗೆ ಓಡಿಸ್ತೀರಿ?"

"ರಸ್ತೆ ಕಾಣ್ತದ್ರಿ. ಮುಂದಿನ ಗಾಡಿದು ಕೆಂಪು ಲೈಟ್ ಹತ್ತಿದ್ರ ಬ್ರೇಕ್ ಹಾಕ್ತೀನಿ."

"ಲೈಟೇ ಇಲ್ಲದ ಸೈಕಲ್ಲು? ನಡೆದು ಹೋಗೋರು?"

ಅವನು ಆಗ ಕಣ್ಣಿನ ಮೇಲಿನ ಅಂಗೈ ಇಳಿಸಿದ.

ಎರಡು ವರ್ಷ ಎಂದರೆ ನಾಲ್ಕು ಸಲ. ನಾಲ್ಕು ಸಲವೂ 'ದೃಷ್ಟಿ ಸರಿಯಿದೆ' ಎಂದು ಬರೆದು ಸಹಿ ಹಾಕಿದವನು ನಾನು. ಅವನಿಗೆ ಪಾಠ ಹೇಳಿಕೊಟ್ಟದ್ದು ನನ್ನ ಬೆಂಚು.

ಡಾಕ್ಟರು ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದರು. ಸಕ್ಕರೆ ಕಾಯಿಲೆ ಕಣ್ಣಿನ ಹಿಂಪದರವನ್ನು ಕೆಡಿಸಿದೆ, ಕನ್ನಡಕದಿಂದ ಉಪಯೋಗವಿಲ್ಲ, ತಕ್ಷಣ ದೊಡ್ಡಾಸ್ಪತ್ರೆಗೆ ಹೋದರೆ ಉಳಿದಷ್ಟನ್ನಾದರೂ ಕಾಪಾಡಬಹುದು ಎಂದರು. ನಾನು 'ಅನರ್ಹ' ಎಂದು ಬರೆದೆ.

"ಸರ, ಸ್ಟೇರಿಂಗ್ ಬಿಟ್ರ ನನಗ ಬ್ಯಾರೆ ಕೆಲಸ ಬರಂಗಿಲ್ರಿ," ಎಂದ ನಿಂಗಪ್ಪ. "ಇದೊಂದು ಸಲ ಬರದು ಕೊಡ್ರಿ. ದೀಪಾವಳಿ ಮುಗೀಲಿ, ನಾನಾಗೇ ಬಿಡ್ತೀನಿ."

"ಆಗೋದಿಲ್ಲ ನಿಂಗಪ್ಪ."

ಆಸ್ಪತ್ರೆಗೆ ಒಂದು ಪತ್ರ ಬರೆದುಕೊಟ್ಟೆ. ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ನನಗೆ ಕೈಮುಗಿದು ಹೋದ. ಅವನಿಗೆ ಗೋದಾಮಿನಲ್ಲಾದರೂ ಕೆಲಸ ಕೊಡಿ ಎಂದು ಕಂಪನಿಯ ಸೂಪರ್‌ವೈಸರಿಗೆ ಫೋನ್ ಮಾಡಿದೆ. "ನೋಡೋಣ ಬಿಡಿ ಸಾರ್," ಎಂದರು.

ಮೂರು ವಾರದ ನಂತರ ಸರ್ಟಿಫಿಕೇಟ್ ತೆಗೆದುಕೊಳ್ಳಲು ರಾಜು ಬಂದಾಗ ನಿಂಗಪ್ಪನ ಬಗ್ಗೆ ವಿಚಾರಿಸಿದೆ.

"ಗಾಡಿ ಓಡಿಸ್ತಾನೇ ಅವ್ನೆ ಸಾರ್. ಬೇರೆ ಕಡೆ ಸರ್ಟಿಫಿಕೇಟ್ ಮಾಡಿಸ್ಕೊಂಡ. ಅಲ್ಲಿ ಕಣ್ಣು ಗಿಣ್ಣು ಏನೂ ನೋಡಲ್ಲ, ಹೆಸ್ರು ಕೇಳಿ ಸೀಲ್ ಹೊಡೀತಾರೆ."

"ಆಸ್ಪತ್ರೆಗೆ ಹೋದನೇನು?"

"ಹೋದ್ರೆ ಅಡ್ಮಿಟ್ ಮಾಡ್ತಾರೆ, ಗಾಡಿ ಬೇರೆಯವ್ರಿಗೆ ಹೋಗತ್ತೆ ಅಂತಾನೆ ಸಾರ್."

ಸೂಪರ್‌ವೈಸರಿಗೆ ಮತ್ತೆ ಫೋನ್ ಮಾಡಿದೆ. "ಸರ್ಟಿಫಿಕೇಟ್ ಫೈಲಲ್ಲಿದೆ ಸಾರ್. ಡಾಕ್ಟರ್ ಸೈನ್ ಇರುವಾಗ ನಾನೇನ್ ಹೇಳ್ಲಿ?" ಎಂದರು. ಸಾರಿಗೆ ಕಚೇರಿಗೆ ಪತ್ರ ಬರೆದೆ, ಸ್ವತಃ ಹೋಗಿ ಕೊಟ್ಟೆ. ಇನ್ನೂ ಉತ್ತರವಿಲ್ಲ. ಲಗ್ಗೆರೆಯ ರೂಮಿಗೆ ಎರಡು ಸಲ ಹೋದೆ. ಎರಡು ಸಲವೂ ಅವನು ಲಾರಿಯ ಮೇಲೆ ಹೋಗಿದ್ದ.

ಈಗ ಚಾಲಕರನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತೇನೆ. ಮೂರು ಫಲಕಗಳನ್ನು ಬದಲಿಸುತ್ತಿರುತ್ತೇನೆ. ನಿಂಗಪ್ಪನ ಮಟ್ಟಿಗೆ ಇದರಿಂದ ಯಾವ ಪ್ರಯೋಜನವೂ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ತುಮಕೂರು ರಸ್ತೆಯ ಸಿಗ್ನಲ್ಲಿನಲ್ಲಿ ಅವನ ಲಾರಿ ನಿಂತಿತ್ತು. ನಾನು ರಸ್ತೆಯ ಅಂಚಿನಲ್ಲಿದ್ದೆ. ಕೈಯೆತ್ತಿ ಬೀಸಿದೆ, ಹೆಸರು ಹಿಡಿದು ಕೂಗಿದೆ. ಗದ್ದಲದಲ್ಲಿ ಕೇಳಿಸಿರಲಾರದು. ಅವನು ನನ್ನತ್ತಲೇ ಮುಖ ಮಾಡಿ ಕುಳಿತಿದ್ದ. ಮುಖದಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಮುಂದಿನ ಗಾಡಿಯ ಕೆಂಪು ದೀಪ ಆರಿದೊಡನೆ ಲಾರಿ ಹೊರಟಿತು.

ನನ್ನ ಮೇಲಿನ ಸಿಟ್ಟಿಗೆ ಅವನು ಮುಖ ತಿರುಗಿಸಿದ್ದರೆ ಎಷ್ಟೋ ನೆಮ್ಮದಿಯಾಗಿರುತ್ತಿತ್ತು. ಅವನು ತಿರುಗಿಸಲಿಲ್ಲ.