ದೋಣಿಯಲ್ಲೊಂದು ಎಣ್ಣೆಸ್ನಾನ

ಹಾಯಿದೋಣಿಗೆ ಬರುವವರಿಗೆ ಮೊದಲೇ ಹೇಳಬೇಕಾದ ಮಾತೊಂದಿದೆ: ಗಟ್ಟಿ ಸೂಟ್‌ಕೇಸ್ ತರಬೇಡಿ, ಬಟ್ಟೆಯ ಚೀಲ ತನ್ನಿ. ಚೀಲವನ್ನು ಮಡಚಿ ಮೂಲೆಗೆ ತುರುಕಬಹುದು, ಸೂಟ್‌ಕೇಸಿಗೆ ಒಂದು ಹಾಸಿಗೆಯನ್ನೇ ಬಿಟ್ಟುಕೊಡಬೇಕು. ನಾನು ಹೇಳಲಿಲ್ಲ. ಬರುವ ನೆಂಟರಿಗೆ ಇಂಥದ್ದು ತನ್ನಿ, ಇಂಥದ್ದು ಬೇಡ ಎಂದು ಪಟ್ಟಿ ಕೊಡುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಹೀಗಾಗಿ ಬಹಾಮಾಸ್‌ನ ಆ ಪುಟ್ಟ ದ್ವೀಪದ ಜೆಟ್ಟಿಗೆ ನನ್ನ ಗೆಳತಿ, ಅವಳ ಗಂಡ ಬಂದು ನಿಂತಾಗ ಅವರ ಹಿಂದೆ ಎರಡು ಭಾರಿ ಸೂಟ್‌ಕೇಸ್‌ಗಳೂ ನಿಂತಿದ್ದವು. ಒಂದರ ತುಂಬ ಚಟ್ನಿಪುಡಿ, ಸಾರಿನಪುಡಿ, ಕೋಡುಬಳೆ, ಅವರ ಊರಿನ ಹತ್ತಿರದ ಅರೋರಾದ ಬಾಲಾಜಿ ದೇವಸ್ಥಾನದ ಲಡ್ಡು. ಅದಕ್ಕೆ ನಮ್ಮ ಹಾಸಿಗೆಯನ್ನೇ ಕೊಟ್ಟೆವು. ನಾನೂ ನನ್ನ ಗಂಡನೂ ದೋಣಿಯ ಮೇಲ್ಗಡೆ, ಗಾಳಿಗೆ ಮಲಗಿದೆವು.

ಅವಳೂ ನಾನೂ ಮೈಸೂರಿನ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿದ್ದವರು. ಮದುವೆಯಾದ ಮೇಲೆ ಅವಳು ಷಿಕಾಗೋ ಕಡೆಗೆ ಬಂದಳು, ನಾನು ಕಾರು ಕಂಪನಿಗಳ ಸೀಮೆಯ ಆನ್ ಆರ್ಬರಿಗೆ. ನಾಲ್ಕು ಗಂಟೆಯ ಡ್ರೈವ್. ಮಕ್ಕಳ ನಾಮಕರಣದಿಂದ ಗ್ರಾಜುಯೇಷನ್‌ವರೆಗೆ ಒಬ್ಬರ ಮನೆಯಲ್ಲಿ ಒಬ್ಬರಿಲ್ಲದೆ ಏನೂ ನಡೆದದ್ದಿಲ್ಲ.

ಕಾರು ಕಂಪನಿಗಳು ಮಕಾಡೆ ಮಲಗಿದ ವರ್ಷ ನನ್ನ ಗಂಡನ ಕೆಲಸ ಹೋಯಿತು. ಇಪ್ಪತ್ತು ವರ್ಷ ಬ್ರೇಕಿನ ವಿನ್ಯಾಸ ಮಾಡಿದ ಮನುಷ್ಯ ಒಂದು ಶುಕ್ರವಾರ ರಟ್ಟಿನ ಪೆಟ್ಟಿಗೆ ಹಿಡಿದು ಮನೆಗೆ ಬಂದ. ಅವನಿಗೆ ಇದ್ದ ಒಂದೇ ಹುಚ್ಚು ಹಾಯಿದೋಣಿ. ಹಳೆಯದೊಂದನ್ನು ಕೊಂಡು ವಾರಾಂತ್ಯಗಳಲ್ಲಿ ಸರೋವರ ಸುತ್ತುತ್ತಿದ್ದ. "ಚಳಿಗಾಲವೆಲ್ಲ ಮನೇಲಿ ಕೂತು ಕೆಲಸಕ್ಕೆ ಅಪ್ಲೈ ಮಾಡೋ ಬದ್ಲು ದೋಣೀಲಿ ಕೂತು ಮಾಡ್ತೀನಿ" ಎಂದ. ಮನೆಯನ್ನು ಆಸ್ಪತ್ರೆಯ ಡಾಕ್ಟರ್ ದಂಪತಿಗೆ ಬಾಡಿಗೆಗೆ ಕೊಟ್ಟು, ಕಾಲುವೆಗಳಲ್ಲಿ, ಆಮೇಲೆ ಕಡಲ ಅಂಚಿನಲ್ಲಿ ದಕ್ಷಿಣಕ್ಕೆ ಇಳಿಯುತ್ತ ಇಳಿಯುತ್ತ ಈ ದ್ವೀಪಗಳಿಗೆ ಬಂದುಬಿಟ್ಟೆವು. ನಮ್ಮ ಕನ್ನಡ ಬಳಗದಲ್ಲಿ ಯಾರೋ "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದರಂತೆ. ಅದು ನನಗೆ ತಲುಪಿತು. ಇಂಥ ಮಾತು ತಲುಪದೇ ಇರುವುದುಂಟೇ?

ಜನವರಿಯಲ್ಲಿ ಆನ್ ಆರ್ಬರಿನ ಮನೆಯನ್ನು ಮಾರಾಟಕ್ಕಿಟ್ಟೆವು. ಇದನ್ನು ಯಾರಿಗೂ ಹೇಳಿರಲಿಲ್ಲ. ಫೆಬ್ರವರಿಯಲ್ಲಿ ಗೆಳತಿ ಫೋನ್ ಮಾಡಿ "ಒಂದು ವಾರ ಬರ್ತೀವಿ ಕಣೇ" ಎಂದಾಗ ನಾನು ಮನಸ್ಸಿನಲ್ಲೇ ನಿರ್ಧರಿಸಿದೆ: ಅವಳು ಬರಲಿ, ಇಲ್ಲಿ ನಮಗೇನೂ ಕಮ್ಮಿಯಿಲ್ಲ ಎಂದು ಕಣ್ಣಾರೆ ನೋಡಿಕೊಂಡು ಹೋಗಲಿ. ಮನೆಯ ವಿಷಯ ಮಾತ್ರ ಅವಳಿಗೆ ಗೊತ್ತಾಗಬಾರದು. ಅವಳ ಮುಖದಲ್ಲಿ ಅಯ್ಯೋ ಪಾಪ ಎಂಬ ಭಾವ ಕಂಡರೆ ನಾನು ತಡೆದುಕೊಳ್ಳಲಾರೆ ಎನಿಸಿತ್ತು.

ಈಗ ನೀರಿನ ವಿಷಯ. ಸುತ್ತ ಸಮುದ್ರವಿದ್ದರೂ ದೋಣಿಯಲ್ಲಿ ಸಿಹಿನೀರು ಇರುವುದು ಒಂದೇ ಟ್ಯಾಂಕಿನಲ್ಲಿ. ನಾವಿಬ್ಬರು ಅದನ್ನು ಮೂರು ವಾರ ಬಳಸುತ್ತಿದ್ದೆವು. ಪಾತ್ರೆಗೆ ಉಪ್ಪುನೀರು, ಮೈಗೆ ಉಪ್ಪುನೀರು, ಕೊನೆಗೆ ಒಂದು ಚೊಂಬು ಸಿಹಿನೀರು. ಬಂದವರಿಗೆ ಇದನ್ನು ಮೊದಲ ದಿನವೇ ಹೇಳುವುದು ದೋಣಿಯವರ ರೂಢಿ. ನಾನು ಮಾಡಿದ್ದೇನು? ಅವರು ಹತ್ತಿದ ಕೂಡಲೇ ಕೈಕಾಲು ತೊಳೆಯಲು ಚೊಂಬು ತುಂಬಿಕೊಟ್ಟು, "ಆರಾಮಾಗಿ ತೊಳ್ಕೊಳ್ಳಿ" ಎಂದೆ.

ಆರಾಮಾಗಿಯೇ ತೊಳೆದುಕೊಂಡರು. ಗೆಳತಿ ಅಕ್ಕಿಯನ್ನು ಮೂರು ನೀರಿನಲ್ಲಿ ತೊಳೆದಳು. ಷಿಕಾಗೋ ಪಕ್ಕದ ಇಟಾಸ್ಕಾದ ಆಫೀಸಿನಲ್ಲಿ ಮ್ಯಾನೇಜರಾಗಿದ್ದ ಅವಳ ಗಂಡ ನಲ್ಲಿ ಬಿಟ್ಟುಕೊಂಡೇ ಗಡ್ಡ ಬೋಳಿಸಿದರು. ಬೆಳಿಗ್ಗೆ ಸ್ನಾನ, ಸಮುದ್ರದಲ್ಲಿ ಈಜಿ ಬಂದ ಮೇಲೆ ಮತ್ತೆ ಸ್ನಾನ. ನಾನು ನಗುತ್ತ ಕಾಫಿ ಕೊಡುತ್ತಿದ್ದೆ. ನಾನು ಮೈಗೆ ಸಿಹಿನೀರು ಸೋಕಿಸಿ ಮೂರು ದಿನವಾಗಿತ್ತು, ಮೊಣಕೈಯಲ್ಲಿ ಉಪ್ಪು ಕೂತು ಕೆರೆತ. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಇಷ್ಟೂ ತಿಳಿಯುವುದಿಲ್ಲವೇ ಇವಳಿಗೆ ಎಂದು. ಹೇಳದೆ ತಿಳಿಯಬೇಕು ಎಂದು ಬಯಸುವ ಈ ರೋಗ ನನಗೆ ಮೊದಲಿನಿಂದ ಇದೆ.

ಮೂರನೆಯ ದಿನ ಸಂಜೆ ಗಂಡ ನನ್ನನ್ನು ಪಕ್ಕಕ್ಕೆ ಕರೆದ. "ಟ್ಯಾಂಕಲ್ಲಿ ಕಾಲುಭಾಗಾನೂ ಇಲ್ಲ. ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಸುಮ್ನಿರ್ರೀ. ಮನೆಗೆ ಬಂದೋರಿಗೆ ಯಾರಾದ್ರೂ ನೀರು ಅಳೆದು ಕೊಡ್ತಾರಾ?"

"ಇದು ಮನೆ ಅಲ್ವಲ್ಲ."

ಆ ಮಾತು ನನಗೆ ಚುಚ್ಚಿತು. ಅವನು ಚುಚ್ಚಬೇಕೆಂದು ಹೇಳಿದ್ದಲ್ಲ. ನಾನು ಒಗ್ಗರಣೆ ಹಾಕಲು ಹೋದೆ.

ಮರುದಿನ ಉತ್ತರದಿಂದ ಜೋರು ಗಾಳಿ ಎದ್ದಿತು. ಅಂಥ ಗಾಳಿಯಲ್ಲಿ ದೋಣಿ ಕದಲಿಸುವಂತಿಲ್ಲ. ಲಂಗರು ಹಾಕಿದ ಕೊಲ್ಲಿಯಲ್ಲೇ ಎರಡು ಮೂರು ದಿನ ಕೂತಿರಬೇಕು. ನೀರು ಸಿಗುವ ಹಳ್ಳಿ ಇನ್ನೊಂದು ದ್ವೀಪದಲ್ಲಿತ್ತು. ಗೆಳತಿ ಹೊರಗೆ ಇಣುಕಿ, "ಇವತ್ತು ಎಲ್ಲೂ ಹೋಗೋ ಹಾಗಿಲ್ಲ ಅಲ್ವಾ? ಬಿಸಿಲಿಗೆ ಕೂದಲೆಲ್ಲ ನಾರಾಗಿದೆ. ಎಣ್ಣೆಸ್ನಾನ ಮಾಡ್ಬಿಡ್ತೀನಿ" ಎಂದಳು. ಸೂಟ್‌ಕೇಸಿನಿಂದ ಕೊಬ್ಬರಿ ಎಣ್ಣೆ, ಸೀಗೇಪುಡಿ ಎರಡೂ ಹೊರಬಂದವು. ಗಂಡ ನನ್ನ ಮುಖ ನೋಡಿದ. ನಾನು ಎಣ್ಣೆ ಬಿಸಿ ಮಾಡಿಕೊಟ್ಟೆ! ಅಷ್ಟೇ ಅಲ್ಲ, ಹಾಸ್ಟೆಲಿನ ದಿನಗಳ ಹಾಗೆ ಅವಳ ನೆತ್ತಿಗೆ ನಾನೇ ತಟ್ಟಿದೆ. ಅವಳು ಕಣ್ಣು ಮುಚ್ಚಿ ಕೂತಿದ್ದಳು. ಆಗಲೂ ಬಾಯಿ ಬಿಡಲಿಲ್ಲ ನಾನು.

ಹತ್ತು ನಿಮಿಷ ನೀರಿನ ಸದ್ದು. ಆಮೇಲೆ ನಲ್ಲಿ ಕೆಮ್ಮಿತು. ಎರಡು ಸಲ ಗೊರಗೊರ ಎಂದು ನಿಂತೇಹೋಯಿತು.

"ಲೇ, ನೀರು!" ಎಂದು ಒಳಗಿನಿಂದ ಕೂಗಿದಳು. "ಕಣ್ಣಿಗೆ ಹೋಗಿದೆ, ಉರೀತಿದೆ!"

ಕುಡಿಯಲೆಂದು ಬೇರೆ ಎತ್ತಿಟ್ಟಿದ್ದ ಬಾಟಲಿಯಿಂದ ಅವಳ ಕಣ್ಣು ತೊಳೆದೆ. ಅಭಿಷೇಕ ಅರ್ಧಕ್ಕೆ ನಿಂತ ದೇವರ ಹಾಗೆ ಟವೆಲ್ ಸುತ್ತಿಕೊಂಡು, ತಲೆ ತುಂಬ ಕಂದು ಬಣ್ಣದ ಸೀಗೇಪುಡಿ ಮೆತ್ತಿಕೊಂಡು ಅವಳು ಕೂತಳು. ಟ್ಯಾಂಕ್ ಖಾಲಿ ಎಂದು ಹೇಳಿದೆ. ಎಷ್ಟು ದಿನಕ್ಕೆ ಎಷ್ಟು ನೀರು, ಎಲ್ಲ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ.

"ಎಣ್ಣೆ ಹಚ್ಚೋವಾಗ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ನಾನೇನು ನಿಂಗೆ ಬೀಗರಾ?" ಎಂದಳು. ದನಿ ಏರಿಸಲಿಲ್ಲ. ಅವಳು ಏರಿಸಿದ್ದರೆ ನಾನೂ ಏರಿಸುತ್ತಿದ್ದೆ.

ಕೊಲ್ಲಿಯ ಒಳಮೂಲೆಯಲ್ಲಿ ಇನ್ನೊಂದು ದೋಣಿ ನಿಂತಿತ್ತು. ಅದರಲ್ಲಿದ್ದ ಕೆನಡಾದ ಮುದುಕನ ಬಳಿ ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರವಿತ್ತು. ಅಲ್ಲಿ ಗಾಳಿಗೆ ಮರೆಯಿದ್ದುದರಿಂದ ನಮ್ಮ ಹಾಯಿದೋಣಿಗೆ ಕಟ್ಟಿಕೊಂಡಿದ್ದ ಪುಟ್ಟ ದೋಣಿಯಲ್ಲಿ ಹೋಗಿಬರಬಹುದಿತ್ತು. ಗಂಡ ಹುಟ್ಟು ಎತ್ತಿಕೊಂಡಾಗ ಗೆಳತಿ ತಡೆದಳು. "ನೀವಿರಿ. ನಾವಿಬ್ರೂ ಹೋಗ್ತೀವಿ." ತಲೆಗೆ ದುಪಟ್ಟಾ ಬಿಗಿದು ಇಳಿದೇಬಿಟ್ಟಳು. ಖಾಲಿ ಕ್ಯಾನ್‌ಗಳನ್ನು ಕಾಲ ಬಳಿ ಇಟ್ಟುಕೊಂಡು ನಾನು ಹುಟ್ಟು ಹಾಕಿದೆ.

ಮುದುಕ ಹೊರಗೆ ಬಂದು ಕೈಬೀಸಿದ. ನಾನು ಗಾಳಿಯ ಬಗ್ಗೆ ಮಾತಾಡಿದೆ. ಮೀನು ಸಿಕ್ಕಿತೇ ಎಂದು ಕೇಳಿದೆ. ಅವನ ನಾಯಿಯನ್ನೂ ಹೊಗಳಿದೆ. ನೀರು ಎಂಬ ಮಾತು ಮಾತ್ರ ನಾಲಿಗೆಗೆ ಬರಲಿಲ್ಲ. ಬೇಡುವ ವಿದ್ಯೆ ನನಗೆ ಯಾರೂ ಕಲಿಸಿರಲಿಲ್ಲ, ಕಲಿಯಬಾರದು ಎಂದೇ ಬೆಳೆಸಿದ್ದರು. ಗೆಳತಿ ಸ್ವಲ್ಪ ಹೊತ್ತು ನೋಡಿ, ಇಂಗ್ಲಿಷಿನಲ್ಲಿ ನೇರವಾಗಿ, "ನಮ್ಮ ನೀರು ಮುಗಿದಿದೆ, ಸ್ವಲ್ಪ ಕೊಡ್ತೀರಾ?" ಎಂದಳು. ಅವನು "ಅದಕ್ಕೇನಂತೆ" ಎಂದು ನಾಲ್ಕೂ ಕ್ಯಾನ್ ತುಂಬಿಕೊಟ್ಟ.

ಹಿಂದಿರುಗುವಾಗ ದೋಣಿ ಭಾರವಾಗಿತ್ತು. ಅವಳು ನನ್ನ ಎದುರಿಗೇ ಕೂತಿದ್ದಳು. ಸೀಗೇಪುಡಿ ಒಣಗಿ ಹಣೆಯ ಮೇಲೆ ಉದುರುತ್ತಿತ್ತು.

"ಕೇಳಿದ್ದಕ್ಕೆ ಸತ್ತುಹೋದ್ವಾ?" ಎಂದಳು.

ನಾನು ಹುಟ್ಟು ಹಾಕುತ್ತಲೇ ಇದ್ದೆ.

"ನಾನೇನು ದೋಣಿ ನೋಡೋಕೆ ಬರ್ಲಿಲ್ಲ ಕಣೇ. ನಂಗೆ ಈಜೂ ಸರಿಯಾಗಿ ಬರಲ್ಲ. ನಾಲ್ಕು ತಿಂಗ್ಳಿಂದ ಯಾವಾಗ ಫೋನ್ ಮಾಡಿದ್ರೂ 'ಚೆನ್ನಾಗಿದೀವಿ, ಚೆನ್ನಾಗಿದೀವಿ' ಅಂತಿದ್ಯಲ್ಲ, ಹೆದರಿಕೆ ಆಯ್ತು. ಅದಕ್ಕೇ ಬಂದೆ."

ಹುಟ್ಟು ನನ್ನ ಕೈಯಲ್ಲಿ ನಿಂತಿತು. ಮನೆ ಮಾರುವ ವಿಷಯವನ್ನು ಏಜೆಂಟ್ ಹತ್ತಿರ, ಬಾಡಿಗೆಗಿದ್ದ ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಎಷ್ಟೋ ಸಲ ಆಡಿದ್ದೆ. ಗಂಡ ಹೆಂಡಿರ ನಡುವೆಯೂ ಅದು 'ಲಿಸ್ಟಿಂಗ್' ಎಂಬ ಹೆಸರಿನಲ್ಲೇ ಓಡಾಡುತ್ತಿತ್ತು. ಕನ್ನಡದಲ್ಲಿ ಬಾಯಿ ಬಿಟ್ಟು ಹೇಳಿದ್ದು ಆಗಲೇ ಮೊದಲು.

"ನಮ್ಮನೆ ಹೋಗ್ತಿದೆ ಕಣೇ. ಮಕ್ಳು ಹುಟ್ಟಿದ ಮನೆ. ಬೇಸಿಗೆಗೆ ಎಲ್ಲಿಗೆ ಹೋಗ್ಬೇಕೋ ಗೊತ್ತಿಲ್ಲ."

ಅವಳ ಮುಖದಲ್ಲಿ ನಾನು ಹೆದರಿದ್ದ ಅಯ್ಯೋ ಪಾಪ ಇತ್ತೋ ಇಲ್ಲವೋ, ನನಗೆ ಕಾಣಲಿಲ್ಲ, ಕಣ್ಣು ಮಂಜಾಗಿತ್ತು. ಗಾಳಿ ದೋಣಿಯನ್ನು ಅಡ್ಡಕ್ಕೆ ತಿರುಗಿಸತೊಡಗಿತು. ಅವಳು ಬಾಗಿ, ಹುಟ್ಟು ಹಿಡಿದ ನನ್ನ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟು ಎಳೆದಳು. "ಅಳ್ತಾ ಅಳ್ತಾನೇ ಹುಟ್ಟು ಹಾಕು, ನಿಲ್ಲಿಸ್ಬೇಡ" ಎಂದಳು. ಅವಳೂ ಅಳುತ್ತಿದ್ದಳು.