ಹಾರ್ನ್ ಕೇಳದವಳ ಕನ್ನಡಿ

ನಮ್ಮ ಕಡೆ ಕಾರಿನ ಪಕ್ಕದ ಕನ್ನಡಿಗಳನ್ನು ಮಡಚಿಟ್ಟುಕೊಂಡು ಓಡಿಸುವವರು ಬಹಳ. ಬಜಾರಿನಲ್ಲಿ ಬೈಕಿನವರು ತಾಗಿಸಿ ಮುರಿದಾರೆಂಬ ಭಯ. ಬಿಚ್ಚಿಟ್ಟವರಲ್ಲೂ ಅನೇಕರು ಅದರಲ್ಲಿ ನೋಡಿಕೊಳ್ಳುವುದು ತಮ್ಮ ಕ್ರಾಪನ್ನು. ಹಿಂದೆ ಯಾರಿದ್ದಾರೆಂದು ತಿಳಿಸಲು ಹಾರ್ನ್ ಇದೆಯಲ್ಲ! ನಾನು ಮಾತ್ರ ಎರಡನ್ನೂ ಅಗಲವಾಗಿ ಬಿಚ್ಚಿಟ್ಟೇ ಓಡಿಸುತ್ತೇನೆ. ನನಗೆ ಹಾರ್ನ್ ಕೇಳಿಸುವುದಿಲ್ಲ.

ಚಿತ್ತಾಪುರದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನನಗೆ ನಲವತ್ತು ದಾಟುತ್ತಲೇ ಕಿವಿ ಮಂದವಾಯಿತು. ಹತ್ತಿರ ಕೂತು ಗಟ್ಟಿಯಾಗಿ ಹೇಳಿದರೆ ಮಾತು ತಿಳಿಯುತ್ತದೆ, ರಸ್ತೆಯ ಗದ್ದಲ ತಿಳಿಯುವುದಿಲ್ಲ. ಕನ್ನಡಿ ನೋಡುತ್ತ ಓಡಿಸಿ, ಅಡ್ಡಿಯಿಲ್ಲ ಎಂದರು ಡಾಕ್ಟರು. ಒಪ್ಪದವನು ನನ್ನ ಅಣ್ಣ.

ಸೇಡಂನಲ್ಲಿರುವ ಅಕ್ಕನ ಮನೆಗೆ ತೊಗರಿಬೇಳೆ ಒಯ್ಯುವ ದಿನ ಕೀಲಿಗೆ ಕೈ ಚಾಚಿ ನಿಂತ.

"ತಂಗಿ, ಹಾರ್ನ್ ಕೇಳಂಗಿಲ್ಲ ನಿನಗ. ಗಾಡಿ ಯಾಕ ಬೇಕು? ಕೀಲಿ ಕೊಡು."

"ಕೇಳಂಗಿಲ್ಲ, ಖರೆ. ಕಾಣ್ತದಲ್ಲ! ಬಾಜೂಕ ಕುಂಡ್ರು. ಹಾರ್ನ್ ಆದಾಗೊಮ್ಮೆ ಬಟ್ಟು ಎತ್ತು. ಹಿಂದ ಯಾರದಾರ ಅಂತ ನಾ ಹೇಳ್ತೀನಿ."

ಹಿಂದಿನ ಸೀಟಿನ ಚೀಲಗಳು ಒಳಗಿನ ಕನ್ನಡಿಯನ್ನು ಪೂರ್ತಿ ಮುಚ್ಚಿದ್ದವು. ಉಳಿದವು ಪಕ್ಕದ ಎರಡೇ. ಎಡಗಡೆಯದು ಕೊಂಚ ಉಬ್ಬಿದ ಗಾಜು. ಉಬ್ಬಿರುವುದರಿಂದ ಹೆಚ್ಚು ರಸ್ತೆ ಹಿಡಿಯುತ್ತದೆ, ಆದರೆ ಹಿಡಿದದ್ದನ್ನೆಲ್ಲ ಚಿಕ್ಕದಾಗಿಸಿ ದೂರ ತೋರಿಸುತ್ತದೆ. ಹಿಂದಿರುವುದು ಕಾಣುವುದಕ್ಕಿಂತ ಹತ್ತಿರದಲ್ಲಿದೆ ಎಂದು ಗಾಜಿನ ಮೇಲೇ ಅಚ್ಚು ಹಾಕಿರುತ್ತಾರೆ. ಇತಿಹಾಸದ ಪುಸ್ತಕಗಳ ಮೇಲೂ ಇದನ್ನು ಅಚ್ಚು ಹಾಕಿಸಬೇಕೆಂದು ನನಗೆ ಅನಿಸುವುದುಂಟು.

ಅಣ್ಣ ಬೆರಳೆತ್ತಿದ. "ಸಿಮೆಂಟ್ ಟ್ಯಾಂಕರ್," ಎಂದೆ. ಮತ್ತೆ ಎತ್ತಿದ. "ಬೈಕು. ಹಿಂದ ಕುಂತಾಕಿ ತೊಡಿ ಮ್ಯಾಲ ಕೋಳಿ ಅದ." ತಿರುಗಿ ನೋಡಿದ. ಕೋಳಿ ಇತ್ತು. ಅವನ ಮುಖ ಸಪ್ಪಗಾಯಿತು.

ಮಳಖೇಡ ಸಮೀಪಿಸುತ್ತಿದ್ದಾಗ ಮತ್ತೆ ಬೆರಳೆದ್ದಿತು. ಎರಡೂ ಕನ್ನಡಿ ನೋಡಿದೆ. "ಯಾರೂ ಇಲ್ಲ."

"ಅದಾನ!" ಎಂದು ಕಿವಿಯ ಬಳಿ ಕೂಗಿದ. ಕತ್ತು ಹೊರಳಿಸಿದೆ. ಎಡಗಡೆ, ಕನ್ನಡಿಗೆ ಸಿಗದ ಮೂಲೆಯಲ್ಲಿ, ಬೈಕಿನವನೊಬ್ಬ ನಮ್ಮ ಜೊತೆಯಲ್ಲೇ ಬರುತ್ತಿದ್ದ. ಅವನನ್ನು ಮುಂದೆ ಹೋಗಲು ಬಿಟ್ಟೆ. ಗಾಡಿ ಬದಿಗೆ ನಿಲ್ಲಿಸಿದೆ.

"ಸೋತಿ. ಇಳಿ," ಎಂದ ಅಣ್ಣ.

ಸೋತದ್ದು ನಿಜ. ಬದಿಗೆ ಸರಿಯುವ ಮುಂಚೆ ಕನ್ನಡಿ ನೋಡಿದರಷ್ಟೇ ಸಾಲದು, ಕತ್ತನ್ನೂ ತಿರುಗಿಸಬೇಕು. ಅದನ್ನು ಕಲಿತೆ. ಆದರೆ ಕೀಲಿಯನ್ನು ಸುಮ್ಮನೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ಹೊಡಿ ನೀನು. ಈಗ ನಾ ಕೇಳ್ತೀನಿ."

ಅಣ್ಣ ನನಗಿಂತ ಬಹಳ ಎತ್ತರ. ಸೀಟು ಹಿಂದೆ ಸರಿಸಿಕೊಂಡ, ನನ್ನ ಎತ್ತರಕ್ಕೆ ಹೊಂದಿಸಿದ್ದ ಕನ್ನಡಿ ಮುಟ್ಟಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, "ಹಿಂದ ಯಾರದಾರ?" ಎಂದೆ.

ಕನ್ನಡಿ ನೋಡಿದ. "ನಮ್ಮ ಗಾಲಿ ಕಾಣಲಿಕತ್ತದ."

"ಮತ್ತ ಹೆಂಗ ಹೊಡೀಲಿಕತ್ತಿ?"

"ಬಂದವರು ಹಾರ್ನ್ ಹೊಡೀತಾರಲ್ಲ!"

"ಹೊಡೀಲಿಲ್ಲಂದ್ರ?"

ಅವನು ಉತ್ತರ ಕೊಡುವ ಮೊದಲೇ ಬ್ಯಾಟರಿ ಆಟೋ ಒಂದು ಸದ್ದಿಲ್ಲದೆ ಬಲಗಡೆಯಿಂದ ಮೈಗೆ ಉಜ್ಜುವಷ್ಟು ಹತ್ತಿರ ದಾಟಿ ಹೋಯಿತು. ಅಣ್ಣ ಬೆಚ್ಚಿ ಬ್ರೇಕ್ ಒತ್ತಿದ. ಚೀಲವೊಂದು ಕೆಳಗುರುಳಿತು. ಗಾಡಿ ಬದಿಗೆ ತಂದು ನಿಲ್ಲಿಸಿದ. ನನಗೆ ನಗು ಬರಲಿಲ್ಲ. ಇಳಿದು ಆ ಕಡೆ ಹೋಗಿ ಬಾಗಿಲು ತೆರೆದೆ. ಅವನು ಸೀಟು ಬಿಟ್ಟುಕೊಟ್ಟ.

ಸೇಡಂ ಹತ್ತಿರವಾಗುತ್ತಲೇ ಲಾರಿಯೊಂದು ಬೆನ್ನಿಗೆ ಬಿತ್ತು. ನಾನು ಆಗಲೇ ನೋಡಿದ್ದೆ, ಮುಂದಿನ ಸೇತುವೆ ದಾಟಿ ದಾರಿ ಬಿಡೋಣವೆಂದಿದ್ದೆ. ಲಾರಿಯವನಿಗೆ ತಾಳ್ಮೆಯಿರಲಿಲ್ಲವೆಂದು ತೋರುತ್ತದೆ, ಹಾರ್ನ್ ಒತ್ತುತ್ತಲೇ ಇದ್ದಿರಬೇಕು. ಅಣ್ಣ ಗಾಜು ಇಳಿಸಿ ತಲೆ ಹೊರಗೆ ಹಾಕಿದ. ಎಡಗಡೆಯ ಕನ್ನಡಿಯಲ್ಲಿ ಅವನ ಪುಟ್ಟ ಮುಖ ಕೆಂಪಾಗಿ ಏನನ್ನೋ ಒದರುತ್ತಿತ್ತು.

ಒಳಗೆ ಬಂದು ಕೂತ ಮೇಲೆ ಕೇಳಿದೆ. "ಏನಂದಿ ಅವಗ?"

ಅಣ್ಣ ನನ್ನ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದ. "ಆಕಿ ನಿನ್ನ ಆಗಲೇ ನೋಡ್ಯಾಳ, ಒದರಬ್ಯಾಡಲೇ ಅಂದೆ."